ಫೋನು ಹಾಡತದ, ಜವಾಬು ಕೊಡಂಗಿಲ್ಲ

ಕಳೆದ ದೀಪಾವಳಿಗೆ ನನ್ನ ತಮ್ಮನ ಮಗ ಪುಣೆಯಿಂದ ಊರಿಗೆ ಬಂದಿದ್ದ. ಅಲ್ಲಿ ಅವನಿಗೆ ಕಂಪ್ಯೂಟರಿನ ಕೆಲಸ. ಒಳ್ಳೆಯ ಹುಡುಗ. ಹಿರಿಯರ ಕಾಲಿಗೆ ಬೀಳುವುದನ್ನು ಮರೆತಿಲ್ಲ, ದಾಳಿಂಬಿ ಹರಿಯುವಾಗ ಡಬ್ಬಿ ಹೊರುವುದಕ್ಕೂ ನಾಚುವುದಿಲ್ಲ. ಆದರೆ ಅವನಿಗೊಂದು ಚಟ ಇದೆ, ಯಂತ್ರದ ಚಟ. ಬಂದ ಬಂದ ಸಲ ಕೈಯಲ್ಲಿ ಹೊಸ ಫೋನು, ಕಿವಿಯಲ್ಲಿ ಶೇಂಗಾ ಕಾಳಿನಷ್ಟು ಎರಡು ತುಣುಕು, ಚೀಲದಲ್ಲಿ ತಂಬಿಗೆಯಷ್ಟು ಒಂದು ಸ್ಪೀಕರು. ಗುಡಿ ಕಟ್ಟಿಯ ಮ್ಯಾಲ ಕುಂತು ಯಾವ ಫೋನು ಚಲೋ, ಯಾವುದು ದಂಡ, ಯಾವ ಆ್ಯಪಿನಾಗ ಎಷ್ಟು ಕೋಟಿ ಹಾಡು ಅದಾವ ಅಂತ ಹೇಳಾಕ ಹತ್ತಿದರ ಊರ ಹುಡುಗರೆಲ್ಲ ಸುತ್ತ ಕೂಡತಾರ. ಒಂದು ಕಾಲಕ್ಕ ನಮ್ಮ ಗೀಗೀ ಮೇಳದ ಸುತ್ತ ಕೂಡತಿದ್ದರಲ್ಲ, ಹಂಗ.

ಅವತ್ತು ಅವನು ನನಗೆ ಹೇಳಿದ: “ಕಾಕಾ, ನಿಮ್ಮ ಪದಾ ಅಷ್ಟೂ ಒಮ್ಮೆ ರೆಕಾರ್ಡ್ ಮಾಡಿಬಿಡೂಣು. ಕ್ಲೌಡಿನಾಗ ಹಾಕಿದ್ರ ಮುಗೀತು, ಸಾವಿರ ವರ್ಷ ಉಳೀತಾವ. ಜಾತ್ರಿ ರಾತ್ರಿ ನೀವು ಗಂಟಲಾ ಹರಕೊಳ್ಳೂದು ಯಾಕ? ಪೆನ್‌ಡ್ರೈವ್ ಹಚ್ಚಿದ್ರಾತು.”

ಕ್ಲೌಡ ಅಂದ್ರೇನೋ ತಮ್ಮಾ ಅಂತ ಕೇಳಿದೆ. ಮೋಡ ಅಂದ. ಜತ್ತ ತಾಲೂಕಿನ ಒಕ್ಕಲಿಗನಿಗೆ ಮೋಡದ ಮ್ಯಾಲ ಭರೋಸಾ ಇಡು ಅಂತಾನ! ಅರವತ್ತು ವರ್ಷದಿಂದ ಮೋಡಾ ನೋಡೀನಿ ನಾನು. ಬರತಾವ, ಗುಡುಗತಾವ, ಹಂಗೇ ಮುಂದ ಹೋಗತಾವ. ಕಟ್ಟಿಯ ಮ್ಯಾಲಿನ ಮಂದಿ ನಕ್ಕರು, ಅವನೂ ನಕ್ಕ. ಆಮೇಲೆ ಬಿಡಿಸಿ ಹೇಳಿದ. ಎಲ್ಲೋ ದೂರದ ಊರಿನಲ್ಲಿ ದೊಡ್ಡ ದೊಡ್ಡ ಕಂಪ್ಯೂಟರು ಇಟ್ಟಿರುತ್ತಾರಂತೆ, ನಮ್ಮ ಸಾಮಾನು ಅಲ್ಲಿ ಇಡುವುದು, ಬೇಕಾದಾಗ ತರಿಸಿಕೊಳ್ಳುವುದು, ಜಾಸ್ತಿ ಇಟ್ಟರೆ ತಿಂಗಳಿಗೆ ಬಾಡಿಗೆ. ಅಂದರೆ ಪರರ ಹಗೇವಿನಾಗ ನಮ್ಮ ಜೋಳ ಸುರಿದು ಬರೋದು. ಬಾಯಿ ಮುಚ್ಚುವ ಕಲ್ಲೂ ಅವರದೇ.

ಆ ಮಾತು ಅಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ಕಟ್ಟಿಯ ಮೇಲೆ ಜಾತ್ರಾ ಕಮಿಟಿಯವರೂ ಇಬ್ಬರು ಕೂತಿದ್ದರು. ಅವರ ತಲೆಯೊಳಗೆ ಅದು ಬೇರು ಬಿಟ್ಟಿತು. ಮುಂದಿನ ಜಾತ್ರೆಗೆ ಪದದ ಮೇಳಗಳನ್ನು ಕರೆಯುವುದು ಬೇಡ, ಹೋಗಿ ಬರುವ ಖರ್ಚು, ಊಟ, ವೀಳ್ಯ ಎಲ್ಲ ಉಳಿಯುತ್ತದೆ, ಆ ರೊಕ್ಕದಲ್ಲಿ ದೊಡ್ಡ ಸೌಂಡ್ ತರಿಸಿ ಪೆನ್‌ಡ್ರೈವಿನಿಂದ ಗೀಗೀ ಪದಗಳನ್ನೇ ಹಾಕೋಣ ಎಂದು ಸಭೆಯಲ್ಲಿ ಮಾತು ಎದ್ದಿದೆ. “ಹಾಡು ಅವೇ ಅಲ್ಲೇನ್ರಿ?” ಅಂತ ಕೇಳತಾರ. ಅಲ್ಲ. ಯಾಕೆ ಅಲ್ಲ ಎಂದು ಹೇಳುವುದೇ ನನ್ನ ಕೆಲಸ. ವಾಚನಾಲಯದವರು ಈ ಪುಸ್ತಕ ಅಚ್ಚು ಹಾಕಿಸುತ್ತಿರುವುದರಿಂದ ಸಭೆಯಲ್ಲಿ ಕೈ ಎತ್ತುವ ಮೊದಲು ನಾಲ್ಕು ಜನ ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಓದು ಏಳನೇ ಇಯತ್ತೆ. 1972ರ ದುಷ್ಕಾಳದಾಗ ಪಾಟಿ ಚೀಲ ಗೂಟಕ್ಕೆ ಹಾಕಿ, ಅಪ್ಪನ ಜತಿ ಸರಕಾರದ ಕಾಮಗಾರಿಗೆ ಖಡಿ ಒಡೆಯಲು ಹೋದವನು ಮತ್ತೆ ಶಾಲೆಯ ಕಡೆ ತಿರುಗಲಿಲ್ಲ. ಪದ ಕಲಿತದ್ದೂ ಆ ಖಡಿ ರಾಶಿಯ ಮೇಲೆಯೇ. ಮಧ್ಯಾಹ್ನ ಸುಕಡಿ ತಿಂದು ಮಂದಿ ಅಡ್ಡಾದಾಗ ಒಬ್ಬ ಹಿರಿಯರು ಸುತ್ತಿಗೆಯ ಕಾವು ಬಡಿದು ಹಾಡುತ್ತಿದ್ದರು. ಅವರೇ ಮುಂದೆ ನನ್ನ ಗುರುಗಳಾದರು. ಆದ್ದರಿಂದ ಕಂಪ್ಯೂಟರಿನ ಒಳಗಿನ ವಿದ್ಯೆ ನನಗೆ ಗೊತ್ತಿಲ್ಲ. ಕೆಲವು ಸಂಗತಿ ನಮ್ಮ ಕನ್ನಡ ಶಾಲೆಯ ಮಾಸ್ತರರನ್ನು ಕೇಳಿ ಬರೆದಿದ್ದೇನೆ, ಕೆಲವು ಆ ಹುಡುಗನೇ ಹೇಳಿದ್ದು. ಹಾಡಿನ ವಿಷಯ ಮಾತ್ರ ನನ್ನದು.

ಮೊದಲಿಗೆ ಒಂದು ಮಾತು. ನಾನು ಯಂತ್ರದ ವೈರಿ ಅಲ್ಲ. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂತು. ನಮ್ಮ ಊರಿನ ಒಂದೇ ಮನೆಯಲ್ಲಿ ರೇಡಿಯೋ ಇತ್ತು, ಅವರ ಅಂಗಳದಲ್ಲಿ ಕೂತು ಕನ್ನಡ ಕೇಳಿ ಬೆಳೆದೆವು. ತಹಸೀಲ ಕಚೇರಿ ಮರಾಠಿ, ಬಸ್ಸಿನ ಬೋರ್ಡು ಮರಾಠಿ, ಏಳು-ಬಾರಾ ಉತಾರೆ ಮರಾಠಿ. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಮರಾಠಿ ಮಾತಾಡುತ್ತೇನೆ, ಪಂಢರಪುರದ ವಾರಿಗೆ ಹೋದಾಗ ಅಭಂಗವನ್ನೂ ಹೇಳುತ್ತೇನೆ. ಆದರೂ ಒಂದು ಪೆಟ್ಟಿಗೆ ನಮ್ಮ ಮಾತಿನಲ್ಲಿ ಮಾತಾಡುತ್ತದೆ ಎಂದರೆ ಆಗ ಎದೆ ಎಷ್ಟು ಅಗಲ ಆಗುತ್ತಿತ್ತೆಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮೈಕು ಬಂತು, ಭೋಂಗಾ ಬಂತು, ಒಳ್ಳೆಯದೇ ಆಯಿತು. ಅದಕ್ಕೂ ಮುಂಚೆ ಕಟ್ಟಕಡೆಯ ಸಾಲಿನ ಮುದುಕಿಗೆ ಕೇಳಿಸಬೇಕೆಂದರೆ ಹೊಕ್ಕಳದಿಂದ ಕೂಗಬೇಕಿತ್ತು.

ಪೇಟಿಯ ಕತೆ ಕೇಳಿರಿ. ಪೇಟಿ ಅಂದರೆ ಹಾರ್ಮೋನಿಯಂ. ಅದು ಪರದೇಶದಿಂದ ಬಂದ ಯಂತ್ರ. ಅದರ ಮನೆಗಳು ಗಟ್ಟಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ನಮ್ಮ ಸಂಗೀತಕ್ಕೆ ಇದು ತಕ್ಕದ್ದಲ್ಲ ಎಂದು 1940ರಿಂದ ಸುಮಾರು ಮೂವತ್ತು ವರ್ಷ ರೇಡಿಯೋದವರು ಅದನ್ನು ಒಳಗೆ ಬಿಟ್ಟಿರಲಿಲ್ಲವಂತೆ. ಮಾಸ್ತರರು ಇದನ್ನು ಹೇಳಿದಾಗ ನನಗೆ ನಗು ಬಂತು. ನಮ್ಮ ಭಜನಾ ಮೇಳದವರಿಗೆ ಈ ಸುದ್ದಿಯೇ ಮುಟ್ಟಿರಲಿಲ್ಲ, ಅವರು ಮೂವತ್ತೂ ವರ್ಷ ಪೇಟಿ ಬಾರಿಸಿಕೊಂಡೇ ಇದ್ದರು. ಪೇಟಿ ನಮ್ಮದಾಯಿತು. ಆದರೆ ಯಾಕೆ ಆಯಿತು? ಹಾಡುವವ ಮುಂದೆ, ಪೇಟಿ ಹಿಂದೆ. ಅದು ಮುಟ್ಟದ ಜಾಗಕ್ಕೆ ಗಂಟಲು ಹೋಗುತ್ತಿತ್ತು, ಪೇಟಿಯವ ಬೆರಳು ಎತ್ತಿ ಸುಮ್ಮನೆ ಕಾಯುತ್ತಿದ್ದ.

ಈಗ ಗಂಟಲನ್ನೇ ಯಂತ್ರದ ಹಿಂದೆ ನಿಲ್ಲಿಸಿದ್ದಾರೆ. ನಮ್ಮ ಹುಡುಗ ನನ್ನ ಒಂದು ಪದವನ್ನು ಫೋನಿನಲ್ಲಿ ತುಂಬಿಕೊಂಡು, ರಾತ್ರಿ ಏನೇನೋ ಒತ್ತಿ, ಮುಂಜಾನೆ ಚಹಾದ ಹೊತ್ತಿಗೆ ಕೇಳಿಸಿದ. “ಕಾಕಾ, ನಿಮ್ಮ ಸುರಾ ಅಲ್ಲಲ್ಲಿ ಜಾರತಿತ್ತು, ಎಲ್ಲಾ ಶುದ್ಧ ಮಾಡೀನಿ” ಎಂದ. ಇದಕ್ಕೆ ಆಟೋಟ್ಯೂನ್ ಅನ್ನುತ್ತಾರಂತೆ. ಇದನ್ನು 1997ರಲ್ಲಿ ಹೊರತಂದ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದವನು ಮೊದಲು ನೆಲದಡಿ ಎಣ್ಣೆ ಹುಡುಕುವವರಿಗೆ ಲೆಕ್ಕ ಮಾಡಿಕೊಡುತ್ತಿದ್ದ. ನೆಲಕ್ಕೆ ಪೆಟ್ಟು ಕೊಟ್ಟು, ಒಳಗಿನಿಂದ ಬರುವ ಸಪ್ಪಳ ಅಳೆದು, ಎಣ್ಣೆ ಎಲ್ಲಿದೆ ಎಂದು ಹೇಳುವ ವಿದ್ಯೆ. ನಮ್ಮಲ್ಲಿ ಬೋರು ಹಾಕುವಾಗ ತೆಂಗಿನಕಾಯಿ ಹಿಡಿದು ತಿರುಗುತ್ತಾರಲ್ಲ, ಅದಕ್ಕಿಂತ ಲೆಕ್ಕದ್ದು. ಬುದ್ಧಿವಂತ ಮನುಷ್ಯ, ನಾನು ಹಳಿಯುವುದಿಲ್ಲ. ಆದರೆ ಅವನ ಯಂತ್ರಕ್ಕೆ ಒಂದು ಸಪ್ತಕದಲ್ಲಿ ಹನ್ನೆರಡು ಗೂಟ ಹೊಡೆದು ಬಿಟ್ಟರೆ, ನಡುವೆ ಯಾವ ಸ್ವರ ಕಂಡರೂ ಹತ್ತಿರದ ಗೂಟಕ್ಕೆ ಎಳೆದು ಕಟ್ಟುತ್ತದೆ. ನನ್ನ ಗುರುಗಳು ದುಃಖದ ಜಾಗ ಬಂದಾಗ ಬೇಕೆಂದೇ ಸ್ವರವನ್ನು ಒಂದು ಎಳೆ ಇಳಿಸಿ ಹಾಡುತ್ತಿದ್ದರು. ಅದು ತಪ್ಪಲ್ಲ, ಅಲ್ಲಿಯೇ ಪದದ ಜೀವ ಇತ್ತು. ಯಂತ್ರಕ್ಕೆ ಅದು ತಪ್ಪು ಕಾಣಿಸಿತು, ತಿದ್ದಿತು.

ಹುಡುಗ ಅದನ್ನು ಹಚ್ಚಿದಾಗ ನನ್ನ ಮನೆಯವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ, “ಇದ್ಯಾರೋ ಹಾಡೋರು?” ಅಂದಳು. ನಲವತ್ತು ವರ್ಷ ನನ್ನ ಗಂಟಲು ಕೇಳಿದವಳು. ಬೈಯೂದೂ ಕೇಳ್ಯಾಳ, ಗೊರಕೆ ಹೊಡೆಯೂದೂ ಕೇಳ್ಯಾಳ. ಅವಳಿಗೇ ಗುರುತು ಹತ್ತಲಿಲ್ಲ. ಹುಡುಗ ತಲೆ ಕೆಳಗೆ ಹಾಕಿದ. ಇದಕ್ಕಿಂತ ದೊಡ್ಡ ವಿಮರ್ಶೆ ಯಾವ ಪುಸ್ತಕದಲ್ಲಿ ಬರೆದಾರು?

ಇನ್ನು “ಉಳೀತಾವ” ಅನ್ನುವ ಮಾತು. ಇದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಮಾಸ್ತರರಲ್ಲಿಯೂ ಕೆಲವರು ಇದನ್ನು ನಂಬಿದ್ದಾರೆ.

ಇಪ್ಪತ್ತು ವರ್ಷದ ಹಿಂದೆ ಇಲ್ಲಿಯ ಶಾಲೆಯಲ್ಲಿದ್ದ ಒಬ್ಬ ಮಾಸ್ತರರು ನನ್ನ ಗುರುಗಳ ಪದದ ವಹಿಯನ್ನು ಎರಡು ಸುಟ್ಟಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದರು. ಪಾಪ, ಕಣ್ಣು ಕೆಂಪಾಗುವ ತನಕ ದುಡಿದರು. ಹೋದ ವರ್ಷ ಆ ಸಿ.ಡಿ. ಸಿಕ್ಕಿತು. ವಾಚನಾಲಯದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಅಕ್ಷರವೂ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕಿ, ಬಾಲ, ಕೊಂಬು ಎಲ್ಲ ಕಲಸಿ ಅಂಬಲಿ ಆಗಿತ್ತು. ಆಗಿನ ಕಾಲದಲ್ಲಿ ಇಂಗ್ಲಿಷ್ ಅಕ್ಷರದ ಮನೆಯೊಳಗೆ ಕನ್ನಡದ ಆಕಾರ ಕೂಡಿಸಿ ಬರೆಯುತ್ತಿದ್ದರಂತೆ. ಅದೇ ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಈ ಅಂಬಲಿ. ಅದನ್ನು ಮತ್ತೆ ಕನ್ನಡ ಮಾಡಲು ದಾರಿ ಇದೆಯಂತೆ, ಬಲ್ಲವರು ಬೇಕು. ಗುರುಗಳ ವಹಿ ಮಾತ್ರ ನನ್ನ ಮನೆಯ ಮಾಡದಲ್ಲಿದೆ. ಅಂಚನ್ನು ಇಲಿ ತಿಂದಿದೆ, ಎರಡು ಹಾಳೆಗೆ ಎಣ್ಣೆ ಹತ್ತಿದೆ, ಶಾಯಿ ಕಂದಿದೆ. ಆದರೆ ಇವತ್ತು ಸಂಜೆ ಬರ್ರಿ, ಕಂದೀಲು ಹಿಡಿದು ಓದಿ ತೋರಿಸತೀನಿ. ಫಾಂಟು ಬೇಡ.

ಮೆಮರಿ ಕಾರ್ಡಿನ ಮಾತು ಬೇಡವೇ ಬೇಡ. ಉಗುರಿನಷ್ಟು ಚೂರು. ನನ್ನ ಅಳಿಯನ ಮದುವೆಯ ಪದಗಳೆಲ್ಲ ಅದರಲ್ಲಿದ್ದವು, ಒಂದು ದಿನ ಸುಮ್ಮನೆ ಸತ್ತಿತು. ಹೆಣಕ್ಕಾದರೂ ಮುಖ ಇರತದ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. 1988ರಲ್ಲಿ ಪಟ್ಟಣದ ಒಂದು ಕ್ಯಾಸೆಟ್ ಅಂಗಡಿಯವರು ನಮ್ಮ ಮೇಳವನ್ನು ಕರೆಸಿ ಪದ ತುಂಬಿಸಿಕೊಂಡರು. ಆಗ ಗುರುಗಳಿದ್ದರು. ರಾತ್ರಿ ಪೂರ್ತಿ ಹಾಡುವ ಪ್ರಸಂಗವನ್ನು ಒಂದು ಮಗ್ಗುಲಿಗೆ ಅರ್ಧ ತಾಸು, ಇನ್ನೊಂದು ಮಗ್ಗುಲಿಗೆ ಅರ್ಧ ತಾಸು ಎಂದು ಕಡಿದು ಹಾಡಿದೆವು. ಮಾಸ್ತರರು ಹೇಳುತ್ತಾರೆ, 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ದೊಡ್ಡ ಗಾಯಕಿ ಪ್ಲೇಟಿಗೆ ಹಾಡಿದಾಗ ಮೂರು ನಿಮಿಷದಲ್ಲಿ ರಾಗ ಮುಗಿಸಬೇಕಿತ್ತಂತೆ. ಪ್ಲೇಟು ತಯಾರಾಗುವುದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಗೊತ್ತಾಗಲಿ ಎಂದು ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರಂತೆ. ಆ ತಾಯಿ ಶಾಣ್ಯಾಕಿ. ನಾವು ಹೆಸರೂ ಹೇಳಲಿಲ್ಲ. ತಲೆಗೆ 300 ರೂಪಾಯಿ, ಒಂದು ಹೊತ್ತಿನ ಊಟ ಕೊಟ್ಟರು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇಂಗ್ಲಿಷಿನಲ್ಲಿತ್ತು. ಗುರುಗಳು ಹೆಬ್ಬಟ್ಟು ಒತ್ತಿದರು. ಬರೆಯಲು ಬರುತ್ತಿರಲಿಲ್ಲ ಎಂದಲ್ಲ, ವಹಿ ತುಂಬ ಬರೆದವರು ಅವರು, ಆದರೆ ಪೆನ್ನು ಯಾರೂ ಕೈಗೆ ಕೊಡಲಿಲ್ಲ.

ಮೂರು ವರ್ಷದ ಹಿಂದೆ ನನ್ನ ಮೊಮ್ಮಗ, ನಾನು ಕಟ್ಟಿಯ ಮೇಲೆ ಹಾಡಿದ ಅದೇ ಪದವನ್ನು ಫೋನಿನಲ್ಲಿ ಹಿಡಿದು ಒಂದು ವಿಡಿಯೋ ತಾಣಕ್ಕೆ ಏರಿಸಿದ. ಎರಡು ದಿನಕ್ಕೆ ಅದರ ಸಪ್ಪಳ ಬಂದಾಯಿತು. ನೋಡಿದರೆ, ಈ ಧ್ವನಿಯ ಹಕ್ಕು ಬೇರೊಬ್ಬರದು ಎಂದು ಸೂಚನೆ. ನಾನು ಬಾಯಿ ತೆರೆದು ಹಾಡುತ್ತಿದ್ದೇನೆ, ಸಪ್ಪಳ ಇಲ್ಲ. ಬಾವಿಯಿಂದ ಮ್ಯಾಲ ತೆಗೆದ ಮೀನಿನಂಗ ಬಾಯಿ ಬಡೀತಾ ಇದ್ದೆ. ಯಾರೋ ಆ ಹಳೆಯ ಕ್ಯಾಸೆಟ್ಟನ್ನು ಕೊಂಡು, ಡಿಜಿಟಲ್ ಮಾಡಿ, ತಮ್ಮ ಹೆಸರಿನಲ್ಲಿ ನೋಂದಾಯಿಸಿದ್ದರು. ಅಲ್ಲಿಯ ಯಂತ್ರ ಎರಡೂ ಧ್ವನಿ ಹೋಲಿಸಿ ನೋಡಿ ನನ್ನನ್ನು ಕಳ್ಳ ಮಾಡಿತು. ಯಂತ್ರಕ್ಕೆ ನನ್ನ ಗುರುತು ಹತ್ತಿತು ನೋಡ್ರಿ, ಮನೆಯವಳಿಗೆ ಹತ್ತಲಿಲ್ಲ!

ಮಾಸ್ತರರು ಕಾಯದೆ ತಿಳಿಸಿ ಹೇಳಿದರು. 1957ರ ಕಾಪಿರೈಟ್ ಕಾಯದೆಯಲ್ಲಿ ಹಾಡಿನ ಹಕ್ಕು ಬೇರೆ, ತುಂಬಿದ ಧ್ವನಿಯ ಹಕ್ಕು ಬೇರೆ. ಧ್ವನಿಮುದ್ರಣದ ಹಕ್ಕು 60 ವರ್ಷ. ಆ ಕ್ಯಾಸೆಟ್ಟಿನ ಮೇಲೆ ಅವರಿಗೆ ಹಕ್ಕು ಇದ್ದೀತು, ಆದರೆ ಅಜ್ಜ ಮುತ್ತಜ್ಜರ ಕಾಲದ ಪದದ ಮೇಲೆ ಇಲ್ಲ, ನಾನು ಹೊಸದಾಗಿ ಹಾಡಿದ್ದರ ಮೇಲೆ ಇಲ್ಲವೇ ಇಲ್ಲ. 1994ರಲ್ಲಿ ಹಾಡುವವರಿಗೂ ಹಕ್ಕು ಇದೆ ಎಂದು ಕಾಯದೆಗೆ ಸೇರಿಸಿದ್ದಾರಂತೆ. ಮೊಮ್ಮಗ ತಕರಾರು ಬರೆದು ಹಾಕಿದ. ಒಂದು ತಿಂಗಳಾದ ಮೇಲೆ ಸಪ್ಪಳ ತಿರುಗಿ ಬಂತು. ಅಷ್ಟರಲ್ಲಿ ನೋಡುವವರು ನೋಡಿ ಹೋಗಿದ್ದರು. ಗೆಳೆಯರೇ, ಇನ್ನು ಮುಂದೆ ಯಾರಾದರೂ ಮೈಕು ಹಿಡಿದು ಬಂದು ಕಾಗದ ಚಾಚಿದರೆ ಮಾಸ್ತರರಿಂದ ಓದಿಸದೆ ಸಹಿ ಹಾಕಬೇಡಿರಿ.

ಆದರೂ ಸುಳ್ಳು ಹೇಳಬಾರದು. ಆ ಕ್ಯಾಸೆಟ್ಟಿನ ಧ್ವನಿಯನ್ನು ಫೋನಿನಲ್ಲಿ ನಾನೂ ಕೇಳಿದೆ. ಗುರುಗಳು ತೀರಿ ಇಪ್ಪತ್ತು ವರ್ಷದ ಮೇಲಾಯಿತು. ಎರಡನೆಯ ನುಡಿಗೆ ಹೋಗುವ ಮೊದಲು ಅವರು ಒಮ್ಮೆ ಕೆಮ್ಮುತ್ತಾರೆ, ಅದೂ ಅದರಲ್ಲಿದೆ. ಕೇಳಿ ಅತ್ತೆ. ಯಂತ್ರ ಕೊಟ್ಟದ್ದನ್ನು ಇಲ್ಲ ಅನ್ನಬಾರದು. ಮಗ್ಗಲಲ್ಲಿ ಕೂತ ನಮ್ಮ ಹುಡುಗ, “ಆ ಕೆಮ್ಮು ತಗದು ಕ್ಲೀನ್ ಮಾಡಿ ಕೊಡಲೇನು ಕಾಕಾ?” ಅಂದ. ಬ್ಯಾಡೋ ಮಾರಾಯಾ ಅಂದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಜಾತ್ರೆಯ ರಾತ್ರಿ ಗೀಗೀ ಅಂದರೆ ಬರೀ ಹಾಡಲ್ಲ. ಹಿರಿಯರಿಗೆ ಗೊತ್ತು, ಕಿರಿಯರಿಗಾಗಿ ಹೇಳುತ್ತೇನೆ. ಒಂದು ಕಡೆ ಹರದೇಶಿ ಮೇಳ, ಗಂಡು ಹೆಚ್ಚು ಎಂದು ವಾದಿಸುವವರು. ಇನ್ನೊಂದು ಕಡೆ ನಾಗೇಶಿ, ಹೆಣ್ಣು ಹೆಚ್ಚು ಎನ್ನುವವರು. ಇವರೊಂದು ಸವಾಲು ಹಾಕಿದರೆ ಅವರು ಪದದಲ್ಲಿಯೇ ಜವಾಬು ಕೊಡಬೇಕು. ಕೊಟ್ಟು ತಿರುಗಿ ಸವಾಲು ಹಾಕಬೇಕು. ದಪ್ಪು ಕಾಸಲು ಬೆಂಕಿಯ ಕಡೆ ಹೋಗುವಷ್ಟರಲ್ಲಿ ಜವಾಬು ಕಟ್ಟಿಕೊಂಡು ಬರಬೇಕು. ಕೋಳಿ ಕೂಗಿದರೂ ಸವಾಲು ತೀರುತ್ತಿರಲಿಲ್ಲ.

ನನಗೆ ಆಗ ಇಪ್ಪತ್ತೇಳು ಇದ್ದೀತು. ಗುಡ್ಡಾಪುರದ ಕಡೆಯ ಒಂದು ಊರಿನಲ್ಲಿ ಹಾಡಿಕೆ. ನಾನು ಹರದೇಶಿ. ಸೊಕ್ಕು ಇತ್ತು, ಮೀಸಿ ಇತ್ತು. ಬೀಜ ದೊಡ್ಡದು, ನೆಲ ಸಣ್ಣದು ಎಂಬ ಮಾತನ್ನು ತಿರುವಿ ಮುರುವಿ ಹಾಡಿದೆ. ಬೀಜ ಇರದಿದ್ದರೆ ನೆಲ ಬಂಜೆ, ಕರಿ ಮಣ್ಣು ಎಷ್ಟಿದ್ದರೇನು ಎಂದೆ. ಗಂಡಸರು ಶಿಳ್ಳೆ ಹೊಡೆದರು. ಎದುರಿಗೆ ನಾಗೇಶಿ ಹಾಡುವವರು ನನ್ನ ತಾಯಿಯ ವಯಸ್ಸಿನ ಹೆಣ್ಣುಮಗಳು. ಅವರು ಅವಸರ ಮಾಡಲಿಲ್ಲ. ತುಂತುಣಿ ಮೀಟಿಸಿ, ನಿಂತು, ನನ್ನನ್ನು ನೋಡಿ ಹಾಡಿದರು. ಅವರ ಪದದ ಅರ್ಥ ಇಷ್ಟು: ತಮ್ಮಾ, ಹೋದ ಎರಡು ವರ್ಷ ಮಳೆ ಬರಲಿಲ್ಲ, ನಿಮ್ಮ ಮನೆಯಲ್ಲಿ ಬೀಜ ಚೀಲದೊಳಗೇ ಇತ್ತಲ್ಲ, ಚೀಲ ಎಷ್ಟು ತೆನೆ ಹಡೆಯಿತು? ಮತ್ತೆ, ಬೀಜ ಚೀಲದಲ್ಲಿ ನುಸಿ ಹಿಡಿಯುತ್ತಿದ್ದಾಗ ಬಿಸಿಲು ತಿಂದುಕೊಂಡು ಬಿರಿದು ಕಾಯ್ದವರು ಯಾರು?

ಅದು ಬರದ ವರ್ಷ. ಕೂತ ಮಂದಿಯಲ್ಲಿ ಚೀಲದ ಬೀಜವನ್ನೇ ಬೀಸಿ ಉಂಡವರಿದ್ದರು. ನಾನೂ ಉಂಡಿದ್ದೆ. ಶಿಳ್ಳೆ ನಿಂತಿತು. ಒಂದು ಸಪ್ಪಳ ಇಲ್ಲ. ನನಗೆ ಜವಾಬು ಬರಲಿಲ್ಲ. ದಪ್ಪು ಕೆಳಗಿಟ್ಟು ಕೈ ಮುಗಿದೆ. ಒಂದು ವರ್ಷ, ನೇಗಿಲ ಹಿಂದೆ ನಡೆಯುತ್ತ, ಬಾವಿ ಹೂಳು ತೆಗೆಯುತ್ತ, ಆ ಸವಾಲಿಗೆ ಜವಾಬು ಹುಡುಕಿದೆ. ಮರುವರ್ಷ ಅದೇ ಊರಿನಲ್ಲಿ ಹಾಡಿದೆ. ಗೆದ್ದೆನೋ ಇಲ್ಲವೋ, ಅವರು ಎದ್ದು ಬಂದು ನನ್ನ ತಲೆ ಮುಟ್ಟಿ, “ಈಗ ಹಾಡಾಂವ ಆದಿ” ಅಂದರು. ಆ ಒಂದು ವರ್ಷದಲ್ಲಿ ಕಲಿತಷ್ಟನ್ನು ಗುರುಗಳ ಹತ್ತಿರ ಹತ್ತು ವರ್ಷ ಕೂತೂ ಕಲಿತಿರಲಿಲ್ಲ.

ಕಮಿಟಿಯವರು ಹೇಳಲಿ, ಪೆನ್‌ಡ್ರೈವ್ ಯಾರಿಗೆ ಸೋಲತದ? ಯಾರ ಮುಂದ ಕೈ ಮುಗೀತದ? ಆ ವರ್ಷ ಮಳಿ ಬಂದದೋ ಇಲ್ಲೋ, ಕೂತವರ ಹೊಟ್ಟಿ ತುಂಬೇದೋ ಇಲ್ಲೋ, ಅದಕ್ಕೇನು ಗೊತ್ತು? ನೋಡುವವರೆಲ್ಲ ಎದ್ದು ಮನೆಗೆ ಹೋದರೂ ಅದು ಹಾಡುತ್ತಲೇ ಇರುತ್ತದೆ. ಹೋದ ವರ್ಷ ಪಕ್ಕದ ಊರಿನಲ್ಲಿ ನಾನೇ ಕಂಡೆ, ಬೆಳಗಿನ ಜಾವ ಎರಡು ನಾಯಿ, ಒಂದು ಸೌಂಡ್ ಬಾಕ್ಸು, ಮತ್ತೆ ವೈರಿನ ಮಗ್ಗಲಿಗೆ ಮಲಗಿದ್ದ ಅದರ ಹುಡುಗ.

ಫೋನು ಕೇಳುತ್ತದೆ ಎಂದು ನಮ್ಮ ಹುಡುಗ ವಾದ ಹೂಡಿದ. “ಬಾಯಿಲೆ ಹೇಳ್ರಿ ಕಾಕಾ, ಹಾಕತದ.” ನಾನು ಫೋನಿನ ಮುಖಕ್ಕೆ ಬಾಗಿ, “ಏ, ನಮ್ಮ ಕಡೀದೊಂದು ಹರದೇಶಿ ಪದಾ ಹಚ್ಚಪಾ” ಎಂದೆ. ಬೆಂಗಳೂರಿನ ಸಿನೆಮಾ ಹಾಡು ಬಂತು. ಎರಡನೇ ಸಲ ಹೇಳಿದೆ, ಮರಾಠಿ ಲಾವಣಿ ಬಂತು. ಮೂರನೇ ಸಲಕ್ಕೆ, ತಿಳಿಯಲಿಲ್ಲ, ಮತ್ತೆ ಹೇಳಿರಿ ಎಂದು ಬರೆದು ತೋರಿಸಿತು. ನಮ್ಮ ಮಾತು ಅದಕ್ಕೆ ಮೊದಲಿನಿಂದಲೂ ಪರಕೀಯ. ಬೆಂಗಳೂರಿನವರಿಗೇ ನಮ್ಮ ಕನ್ನಡ ಅರ್ಧ ತಿಳಿಯುವುದಿಲ್ಲ, ಯಂತ್ರವನ್ನು ಬೈದು ಏನು ಮಾಡಲಿ!

2020ರ ಲಾಕ್‌ಡೌನಿನಲ್ಲಿ ಇದೇ ಹುಡುಗ ಮೇಳದ ಐದೂ ಮಂದಿಯನ್ನು ವಿಡಿಯೋ ಕಾಲಿಗೆ ಕೂಡಿಸಿದ್ದ. ಮುಖ ಕಂಡು ಸಂತೋಷ ಆಯಿತು, ಅದು ಖರೆ. ಹಾಡಲು ಹೋದೆವು. ನಾನು ಒಂದು ನುಡಿ ಬಿಟ್ಟೆ, ಹಿಮ್ಮೇಳದವರ “ಗೀ ಗೀ” ನಾನು ಮುಂದಿನ ನುಡಿ ಅರ್ಧ ಮುಗಿಸಿದ ಮೇಲೆ ಬಂತು. ತಾಳ ಇನ್ನೂ ತಡವಾಗಿ ಬಂತು. ಧ್ವನಿ ಹೋಗಿ ಬರಲು ಅರೆಕ್ಷಣ ಹಿಡಿಯುತ್ತದಂತೆ. ಮಾತಿಗೆ ಅದು ನಡೆಯುತ್ತದೆ, ತಾಳಕ್ಕೆ ನಡೆಯುವುದಿಲ್ಲ. ನಾಲ್ಕು ಸಲ ಮಾಡಿ, ನಕ್ಕು ಬಿಟ್ಟೆವು. ಆ ಐವರಲ್ಲಿ ಇಬ್ಬರು ಈಗ ಇಲ್ಲ. ತುಂತುಣಿಯವನ ಜಾಗ ಖಾಲಿಯೇ ಇದೆ.

ಶಾಲೆಯ ಮಾಸ್ತರರಿಗೆ ಬಾಯಿಗಳಿಗೆ ಒಂದು ಮಾತು. ಪದಗಳನ್ನು ಫೋನಿನಲ್ಲಿ ತುಂಬುವ ಪ್ರಕಲ್ಪ ಮಕ್ಕಳಿಗೆ ಕೊಡುತ್ತೀರಿ, ಒಳ್ಳೆಯದು. ಹೋದ ಸಲ ಬಂದ ಮೂರು ಮಕ್ಕಳು ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಪದ ತುಂಬಿಕೊಂಡು ಹೋದರು. ಒಂದನ್ನೂ ಕೇಳಲಿಲ್ಲ. ಫೋನು ಕೇಳುತ್ತಿತ್ತು, ಅವರು ಅದರ ಚಾರ್ಜು ನೋಡುತ್ತಿದ್ದರು. ಕೂರಿಗೆ, ತಾಳು, ಎಡೆಕುಂಟೆ, ಮಿಳ್ಳಿ ಎಂದು ಪದದಲ್ಲಿ ಬರುತ್ತದೆ. ಇವು ಏನು ಅಂತ ಒಬ್ಬರಾದರೂ ಕೇಳಿದರೇನು? ಟ್ರ್ಯಾಕ್ಟರು ಬಂದ ಮೇಲೆ ಅವು ಹೊಲದಿಂದ ಹೋದವು, ಪದದಲ್ಲಿ ಮಾತ್ರ ಅದಾವ. ನಾಳೆ ಆ ಮಗು ಫೋನು ಹಚ್ಚಿದರೆ ಸಪ್ಪಳ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನಮ್ಮ ಹುಡುಗನ ಮಗಳಿಗೆ ಈಗಾಗಲೇ ಹಂಗಾಗ್ಯದ. ಪುಣೆಯಲ್ಲಿ ಬೆಳೆಯುತ್ತಿದ್ದಾಳೆ, ಮರಾಠಿ ಇಂಗ್ಲಿಷು ಪಟಪಟ. ಅಜ್ಜನ ಪದ ಅವರಪ್ಪನ ಫೋನಿನಲ್ಲಿದೆ. ನನ್ನ ಹತ್ತಿರ ಕೂತು, “ಅಜ್ಜಾ, ಇದರ ಅರ್ಥ ಮರಾಠಿಯಲ್ಲಿ ಹೇಳು” ಅಂದಳು. ಹೇಳಿದೆ. ತೊಡೆಯ ಮೇಲೆ ತಾಳ ಹಾಕಿ ಒಂದು ಸಾಲು ಕಲಿಸಿದೆ. ಮೂರು ದಿನ ಇದ್ದಳು, ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಒಂದು ಸಾಲನ್ನು ಕೂಗಿ ಹೇಳಿದಳು. ಅವರಪ್ಪ ನನ್ನ ಕಡೆ ನೋಡಲಿಲ್ಲ. ಚೀಲ ಎತ್ತಿ ಇಡುವ ನೆವ ಮಾಡಿದ.

ಕಮಿಟಿಯವರಿಗೆ ನನ್ನ ಬೇಡಿಕೆ ಇಷ್ಟು. ಸೌಂಡ್ ತರಿಸಿರಿ, ಬೇಡ ಎನ್ನುವುದಿಲ್ಲ, ಸಂಜೆ ಹುಡುಗರು ಕುಣಿಯಲಿ. ರಾತ್ರಿ ಹತ್ತಕ್ಕೆ ಅದನ್ನು ಬಂದ್ ಮಾಡಿ ಕಟ್ಟಿ ನಮಗೆ ಬಿಡಿರಿ. ಎರಡು ಮೇಳಕ್ಕೆ ರೊಕ್ಕ ಇಲ್ಲವೆಂದರೆ ನಮ್ಮ ಮೇಳ ಪುಕ್ಕಟೆ ಹಾಡುತ್ತದೆ, ಎದುರು ಹಾಡುವ ನಾಗೇಶಿಯವರಿಗೆ ಮಾತ್ರ ಹೋಗಿ ಬರುವ ಖರ್ಚು, ಸೀರೆ, ಊಟ ಆಗಲಿ. ಅವರಿಲ್ಲದಿದ್ದರೆ ನಾನು ಯಾರಿಗೆ ಹಾಡಲಿ? ರೆಕಾರ್ಡ್ ಮಾಡುವವರು ಮಾಡಿಕೊಳ್ಳಲಿ, ಅರ್ಧ ನಿಮಿಷದ ರೀಲಿಗೆ ಕತ್ತರಿಸಬೇಡಿರಿ, ಸವಾಲು ಹಾಕಿದರೆ ಜವಾಬನ್ನೂ ಹಾಕಿರಿ.

ಮಾಸ್ತರರೇ, ನೀವು ಅಮಾವಾಸ್ಯೆಗೆ ಅಮಾವಾಸ್ಯೆಗೆ ನಾಲ್ಕು ಮಕ್ಕಳನ್ನು ನನ್ನ ಕಡೆ ಕಳಿಸಿರಿ. ಹುಡುಗಿಯರನ್ನು ಕಳಿಸಿರಿ, ನಾಗೇಶಿ ಹಾಡುವವರು ಈ ಭಾಗದಲ್ಲಿ ಕಡಿಮೆ ಆಗಿದ್ದಾರೆ. ಐದನೇ ಇಯತ್ತೆಯ ಒಬ್ಬಳು ಈಗಾಗಲೇ ಬರುತ್ತಾಳೆ. ಗಂಟಲು ಇನ್ನೂ ಎಳೆಯದು, ಬಾಯಿ ಮಾತ್ರ ಜೋರು. ಹೋದ ಅಮಾವಾಸ್ಯೆಗೆ ನನ್ನ ಬೀಜದ ಪದ ಕೇಳಿ, “ಅಜ್ಜಾ, ಈಗ ಬೀಜಾನೂ ಕಂಪನಿಯವರೇ ಕೊಡತಾರಲ್ಲ, ಗಂಡಸರದು ಅದರಾಗ ಏನು ಉಳಿತು?” ಅಂದಳು. ಇನ್ನೂ ಜವಾಬು ಹೊಂದಿಲ್ಲ.

ದಪ್ಪಿಗೆ ಹೊಸ ಚರ್ಮ ಹಾಕಿಸಿದ್ದೇನೆ. ಮಕ್ಕಳು ಸಂಜೆ ಏಳಕ್ಕೆ ಬರಲಿ, ಫೋನು ಮನೆಯಲ್ಲಿಟ್ಟು ಬರಲಿ. ಚಹಾ, ಚುರಮುರಿ ನಮ್ಮ ಮನೇದು.